ದೊಡ್ಡವ್ವನ ಎದೆಯ ಕೀಲಿ

ಸಂಗವ್ವನ ಎದೆ ಸಂಗವ್ವನದಲ್ಲ ಎಂದು ಮೊಟ್ಟಮೊದಲು ಹೇಳಿದ್ದು ಒಂದು ಕಡಗ. ಹೇಳಿದ್ದಾದರೂ ಎಲ್ಲಿ? ಧಾರವಾಡದ ಆಸ್ಪತ್ರೆಯೊಂದರ ಮಂಚದ ಮೇಲೆ, ಎದೆ ಸೀಳಿ ಹೊಲಿದು ಇನ್ನೂ ವಾರ ಕಳೆಯದ ಹೆಂಗಸಿನ ಮುಖಕ್ಕೆ.

"ಅಪರಿಚಿತ ನಾಡಿ," ಎಂದಿತು ಅದು, ಸುದ್ದಿ ಓದುವವರ ನುಣುಪು ದನಿಯಲ್ಲಿ. "ದಯವಿಟ್ಟು ಕಡಗವನ್ನು ಮಾಲೀಕರಿಗೆ ಹಿಂದಿರುಗಿಸಿ."

ಸಂಗವ್ವ ಹುಬ್ಬು ಗಂಟಿಕ್ಕಿದಳು. ಕಾಲೇಜು ಹುಡುಗರಿಗೆ ರೊಟ್ಟಿ ಬಡಿದು ಹಾಕುತ್ತ ಖಾನಾವಳಿ ನಡೆಸಿ, ತಂಗಿಯನ್ನು ಓದಿಸಿ, ಮದುವೆ ಮಾಡಿಕೊಟ್ಟು, ತಾನು ಮಾತ್ರ ಮದುವೆಯ ಉಸಾಬರಿಗೇ ಹೋಗದ ಹೆಂಗಸು ಆಕೆ. ತನ್ನ ಗುರುತಿಲ್ಲ ಎಂದವರನ್ನು ಆಕೆ ಆ ಊರಲ್ಲಿ ಈವರೆಗೆ ಕಂಡಿರಲಿಲ್ಲ.

"ಏನಂತೈತಿ ಇದು?" ಎಂದು ಪಕ್ಕದಲ್ಲಿ ಕೂತಿದ್ದ ತಂಗಿ ಕಸ್ತೂರಿಯನ್ನು ಕೇಳಿದಳು. "ಎರಡು ವರ್ಷ ನನ್ನ ಕೈಯಾಗ ಬಿದ್ದು ಉಳ್ಳಾಡೇತಿ, ಈಗ ನನ್ನ ಗುರ್ತ ಸಿಗವಲ್ದಂತೇನು?"

ಕಸ್ತೂರಿ ಗಾಬರಿಯಾಗಿ ಕಡಗವನ್ನು ತನ್ನ ಕೈಗೇ ವಾಪಸು ಜಾರಿಸಿಕೊಂಡಳು. ಕೆಂಪು ದೀಪ ಹಸಿರಾಯಿತು. "ಸ್ವಾಗತ, ಸಂಗವ್ವ ಅವರೇ," ಎಂದಿತು ಕಡಗ.

"ನಾ ಕಸ್ತೂರಿ," ಎಂದಳು ಆಕೆ ಕಡಗಕ್ಕೆ, ಪಾಪ, ಅದು ತಿದ್ದಿಕೊಂಡೀತು ಎಂಬಂತೆ.

ಬಾಗಿಲಲ್ಲಿ ಬುತ್ತಿಯ ಚೀಲ ಹಿಡಿದು ನಿಂತಿದ್ದ ಶಾಲ್ಮಲಾ ಇದನ್ನೆಲ್ಲ ಕೇಳಿಸಿಕೊಂಡಳು. ಆಕೆ ಕಸ್ತೂರಿಯ ಮಗಳು. ಹುಬ್ಬಳ್ಳಿಯ ಪ್ರಾಣಸೇತು ಎಂಬ ಕಂಪನಿಯಲ್ಲಿ ಎಂಜಿನಿಯರ್. ಕಡಗ ಅವರ ಕಂಪನಿಯದೇ. ಅದರೊಳಗಿನ ಕೀಲಿಗಳನ್ನು ನೋಡಿಕೊಳ್ಳುವ ಕೆಲಸ ಆಕೆಯದೇ. ಏನಾಗಿದೆ ಎಂಬುದು ಆ ಮನೆಯಲ್ಲಿ ಯಾರಿಗಾದರೂ ಅರ್ಥವಾಗುವುದಿದ್ದರೆ ಅದು ಆಕೆಗೆ ಮಾತ್ರ.

ಈ ಕೀಲಿಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನ ಅನ್ಯಾಯ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಸಂಗವ್ವನ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಎರಡು ವರ್ಷದ ಹಿಂದೆ ಕೂರಿಸಿದ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಯಂತ್ರವಿದೆ. ಹೃದಯ ತಾಳ ತಪ್ಪಿದರೆ ಅದು ಸಣ್ಣ ವಿದ್ಯುತ್ತು ಹಾಯಿಸಿ ದಾರಿಗೆ ತರುತ್ತದೆ. ಯಾವ ವೇಗದಲ್ಲಿ ನಡೆಯಬೇಕೆಂದು ಯಂತ್ರಕ್ಕೆ ಹೇಳುವವರು ಡಾಕ್ಟರು, ಅದೂ ತಂತಿಯಿಲ್ಲದೆ. ತಂತಿಯಿಲ್ಲದ ಮಾತನ್ನು ಬೀದಿಯಲ್ಲಿ ನಿಂತ ದುಷ್ಟನೂ ಆಡಬಹುದಲ್ಲ? ಅದಕ್ಕೇ ಪ್ರತಿ ಅಪ್ಪಣೆಗೂ ಒಂದು ಗುಪ್ತ ಸಂಖ್ಯೆಯ ಮುದ್ರೆ ಬೀಳಬೇಕೆಂದು ಕಾನೂನಾಯಿತು. ಆ ಸಂಖ್ಯೆಯೇ ಕೀಲಿ. ಯಂತ್ರ ತಯಾರಾಗುವಾಗಲೇ ಅದರ ಜೋಡಿ ಕೀಲಿಯನ್ನು ಕಡಗದೊಳಗೆ ಇಟ್ಟುಬಿಡುತ್ತಾರೆ. ಬೇರೆ ಕೀಲಿ ಬೇಕೆಂದರೆ ಎದೆಯೊಳಗೆ ಬೇರೆ ಯಂತ್ರವನ್ನೇ ಕೂರಿಸಬೇಕು.

ಕಡಗವೆಂದರೆ ಮಣಿಕಟ್ಟಿಗೆ ಹಿಗ್ಗಿ ಕೂರುವ ಒಂದು ಪುಟ್ಟ ಕಂಪ್ಯೂಟರ್. ಅದರ ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಕೀಲಿ ಇರುವುದು ಅಲ್ಲಿ. ಶಾಲ್ಮಲಾ ಒಮ್ಮೆ ಅವ್ವನಿಗೆ ಇದನ್ನು ತಿಳಿಸಿದ್ದಳು: "ಗರ್ಭಗುಡಿ ಇದ್ದಂಗ ಅವ್ವಾ. ನಾವು ಹೊಸ್ತಿಲ ಹೊರಗ ನಿಂತು ಕಾಯಿ ಕೊಡ್ತೀವಿ, ಒಳಗ ಒಡದು ನಮಗ ತಿರುಗಿ ಕೊಡ್ತಾರ. ಡಾಕ್ಟರ ಅಪ್ಪಣಿನೂ ಹಂಗ, ಒಳಗ ಹೋಗಿ ಮುದ್ರಿ ಬಿದ್ದು ಹೊರಗ ಬರ್ತೈತಿ. ಕೀಲಿ ಮಾತ್ರ ಹೊಸ್ತಿಲಾ ದಾಟಂಗಿಲ್ಲ. ಕಂಪನಿಯವರಿಗೂ ಅದನ್ನ ನೋಡಾಕ ಆಗಂಗಿಲ್ಲ." ಕಸ್ತೂರಿ ಅಂದು ಸುಮ್ಮನೆ ತಲೆಯಾಡಿಸಿ, "ಪೂಜಾರಿ ಯಾರು ಮತ್ತ?" ಎಂದು ಕೇಳಿದ್ದಳು. ಶಾಲ್ಮಲಾ ನಕ್ಕಿದ್ದಳು. ಆ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ ಎಂದು ಈಗ ಅನಿಸುತ್ತಿತ್ತು.

ಕಡಗ ತನ್ನವರನ್ನು ಗುರುತಿಸುವುದು ನಾಡಿಯಿಂದ. ಒಬ್ಬರ ನಾಡಿಯಂತೆ ಇನ್ನೊಬ್ಬರದು ಇರುವುದಿಲ್ಲ. ವಯಸ್ಸಾದಂತೆ ನಾಡಿ ಬದಲಾಗುವುದರಿಂದ ಕಡಗ ದಿನಕ್ಕಿಷ್ಟು ಹೊಸದನ್ನು ಕಲಿಯುತ್ತ ಹಳೆಯದನ್ನು ಮರೆಯುತ್ತ ಹೋಗುತ್ತದೆ. ಹೊರಗಿನಿಂದ ಅದಕ್ಕೆ ನಾಡಿ ಕಲಿಸಿಕೊಡುವ ದಾರಿ ಕಂಪನಿಗೂ ಇಲ್ಲ. ಮೈಯಿಂದ ಬೇರ್ಪಟ್ಟರೆ ಸ್ವಲ್ಪ ಹೊತ್ತು ಕಾದು ಬೀಗ ಹಾಕಿಕೊಳ್ಳುತ್ತದೆ. ಕಡಗ ಕಸಿಯುವ ಕಳ್ಳನ ಬಗ್ಗೆ, ಕತ್ತರಿಸುವ ಕಳ್ಳನ ಬಗ್ಗೆ, ಕೈಯನ್ನೇ ಕಡಿದು ಒಯ್ಯುವ ಕಳ್ಳನ ಬಗ್ಗೆ ಕಂಪನಿಯಲ್ಲಿ ಸಭೆಯ ಮೇಲೆ ಸಭೆ ನಡೆದಿದ್ದವು.

ಅಕ್ಕತಂಗಿಯರ ಬಗ್ಗೆ ಒಂದು ಸಭೆಯೂ ನಡೆದಿರಲಿಲ್ಲ. ಸಂಗವ್ವನ ಮನೆತನದಲ್ಲಿ ಒಂದು ರೂಢಿ ಇದೆ. ಜಡ್ಡು ಬಿದ್ದ ಹೆಣ್ಣುಮಗಳ ಕೈಯ ಬಳೆ ತೆಗೆಯಬೇಕಾಗಿ ಬಂದರೆ ಅದನ್ನು ನೆಲದ ಮೇಲಾಗಲಿ ಮೇಜಿನ ಮೇಲಾಗಲಿ ಇಡುವುದಿಲ್ಲ. ಒಡಹುಟ್ಟಿದವಳು ಎದುರು ಕೂತು, ಬೆರಳಿಗೆ ಬೆರಳು ಕೂಡಿಸಿ, ಕೈಯಿಂದ ಕೈಗೆ ಜಾರಿಸಿಕೊಳ್ಳಬೇಕು. ನಡುವೆ ಬಳೆ ಮೈ ಬಿಡಬಾರದು. ಗುಣವಾದ ಮೇಲೆ ಜಡ್ಡಿನಿಂದ ಎದ್ದವಳೇ ಅದನ್ನು ಹಾಗೆಯೇ ವಾಪಸು ಜಾರಿಸಿಕೊಳ್ಳಬೇಕು. ಈ ಸಲ ಹೃದಯದ ಕವಾಟದ ಆಪರೇಷನ್ನಿಗೆ ಮುಂಚೆ ನರ್ಸು ಬಂದು ಕೈಯಲ್ಲಿರುವುದನ್ನೆಲ್ಲ ತೆಗೆಯಿರಿ ಎಂದಾಗ, ಹಸಿರು ಬಳೆಗಳ ಜೊತೆ ಕಡಗವನ್ನೂ ಅಕ್ಕತಂಗಿಯರು ಹಾಗೆಯೇ ಜಾರಿಸಿಕೊಂಡಿದ್ದರು. ಆಪರೇಷನ್ನಿನ ಹೊತ್ತಿನಲ್ಲಿ ಕಡಗವನ್ನು ಮಲಗಿಸಿಡಲು ಕಂಪನಿ ಕೊಟ್ಟ ಡಬ್ಬಿ ಮನೆಯಲ್ಲಿ ಲವಂಗ ತುಂಬಿಕೊಂಡು ಕೂತಿತ್ತು.

ಕಡಗಕ್ಕೆ ಮೈ ಬದಲಾದದ್ದು ಗೊತ್ತಾಗಲೇ ಇಲ್ಲ. ಒಂದೇ ತಾಯಿಯ ಮಕ್ಕಳ ನಾಡಿ, ಅಷ್ಟಿಷ್ಟು ಹೋಲುತ್ತಿತ್ತು. ಆಪರೇಷನ್ನಿನ ಭಯಕ್ಕೆ ವ್ಯತ್ಯಾಸವಾಗಿರಬೇಕೆಂದು ಅದು ಹೊಂದಿಸಿಕೊಂಡಿತು. ಆಮೇಲೆ ಸಂಗವ್ವ ಐಸಿಯುವಿನಲ್ಲಿದ್ದಷ್ಟೂ ದಿನ ಕಸ್ತೂರಿಯ ನಾಡಿಯನ್ನೇ ಕಲಿತು ಸಂಗವ್ವನದನ್ನು ಮರೆಯಿತು. ಸಂಗವ್ವನ ಹೃದಯವೋ, ಈಗ ಹೊಸ ಕವಾಟದ್ದು. ಆಪರೇಷನ್ನಿಗೆಂದು ಡಾಕ್ಟರು ನಿಗದಿ ಮಾಡಿದ ಒಂದೇ ವೇಗದಲ್ಲಿ ಗೋಡೆ ಗಡಿಯಾರದ ಹಾಗೆ ಬಡಿದುಕೊಳ್ಳುತ್ತಿತ್ತು. ಅದನ್ನು ಕಡಗ ಎಲ್ಲಿಂದ ಗುರುತಿಸೀತು?

ಡಾಕ್ಟರ್ ಫಿರ್ದೌಸ್ ಬಂದು ನೋಡಿದರು. ಸಂಗವ್ವನ ಎದೆಯನ್ನು ರಿಪೇರಿ ಮಾಡಿದವರು ಅವರೇ. ಸಮಾಧಾನದ ಮನುಷ್ಯೆ, ಅವರ ಮುಖವೂ ಬಿಗಿಯಾಯಿತು. "ಈ ಒಂದ ವೇಗದಾಗ ಭಾಳ ದಿನ ಬಿಡಾಕ ಬರಂಗಿಲ್ರಿ. ಎದ್ದು ಕೂತ್ರ ಕಣ್ಣಿಗೆ ಕತ್ತಲಿ ಬರ್ತೈತಿ, ಹೊಸ ಕವಾಟಕ್ಕೂ ಹೊರಿ ಆಗ್ತೈತಿ. ದಿನಾ ಸ್ವಲ್ಪ ಸ್ವಲ್ಪ ಸಡಿಲ ಮಾಡ್ಕೋತ ಹೋಗ್ಬೇಕು. ಸದ್ಯಕ್ಕ ಕಸ್ತೂರಿಬಾಯಾರು ಕಡಗ ಹಾಕ್ಕೊಂಡು ಬಾಜೂಕ ಕೂತ್ರ ನಡೀತೈತಿ."

ಹಾಗೆ ನಡೆಯಿತು ಕೂಡ. ತಂಗಿ ಮಂಚದ ಪಕ್ಕ ಕೈ ಚಾಚಿ ಕೂತಳು, ಅಕ್ಕನ ಎದೆ ಡಾಕ್ಟರ ಮಾತು ಕೇಳಿತು. ಸಂಗವ್ವ ನಾಲ್ಕು ಹೆಜ್ಜೆ ನಡೆದಳು. "ನನ್ನ ಎದಿ ನಿನ್ನ ಕೈಯಾಗ ಐತಿ ನೋಡು ಕಸ್ತೂರಿ, ಪಾತ್ರಿ ತಿಕ್ಕುಮುಂದ ಜಪ್ಪಿಸಿಗಿಪ್ಪಿಸೀಯ," ಎಂದು ಚೇಷ್ಟೆಯನ್ನೂ ಮಾಡಿದಳು. ಆದರೆ ಅಪರಿಚಿತ ನಾಡಿ ಎಂದು ಹೇಳಿದ ಕಡಗ ಬಾಯಿ ಮುಚ್ಚಿಕೊಂಡು ಸುಮ್ಮನಿರುವ ಜಾತಿಯದಲ್ಲ. ಒಂದು ಕೀಲಿಗೆ ಎರಡು ನಾಡಿ ತಗುಲಿವೆ ಎಂದು ಅದಾಗಲೇ ಹುಬ್ಬಳ್ಳಿಗೆ ಚಾಡಿ ಹೇಳಿಯಾಗಿತ್ತು.

ಮರುದಿನ ಕಂಪನಿಯ ಮುಖ್ಯಸ್ಥ ಅಮರೇಂದ್ರ ಶಾಲ್ಮಲಾಳನ್ನು ಕೋಣೆಗೆ ಕರೆಸಿದ. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಕಡಗ ತೊಟ್ಟು ನಗುವ ಅಜ್ಜಿಯ ದೊಡ್ಡ ಚಿತ್ರ. ಕೆಳಗೆ ಬರೆದಿತ್ತು: ನಿಮ್ಮ ಹೃದಯ, ನಿಮ್ಮದೇ ಕೀಲಿ.

"ನಿಮ್ಮ ದೊಡ್ಡಮ್ಮನವರ ವಿಷಯ ತಿಳಿಯಿತು. ಬೇಜಾರಾಯಿತು," ಎಂದ ಅಮರೇಂದ್ರ. "ಆದರೆ ನಿಯಮ ನಿಮಗೇ ಗೊತ್ತು. ಎರಡು ನಾಡಿ ಕಂಡ ಕೀಲಿಯನ್ನು ಆ ವಾರದ ಶುಕ್ರವಾರ, ಅಂದರೆ ನಾಳೆ ಸಂಜೆ, ನಾಶ ಮಾಡಬೇಕು. ಕರ್ನಲ್‌ಗೆ ಆದೇಶ ಕಳಿಸುವುದು ನಿಮ್ಮ ವಿಭಾಗ."

"ಸರ್, ಅದು ಕಳ್ಳತನ ಅಲ್ರಿ. ತಂಗಿ ಹಾಕ್ಕೊಂಡಿದ್ಳು, ಅಷ್ಟ."

"ಇರಬಹುದು. ಸೋಮವಾರ ಪ್ರಮಾಣಪತ್ರದ ತಪಾಸಣೆ ಇದೆ. ಅದು ಸಿಕ್ಕರೆ ಎಲ್ಲ ಸರಕಾರಿ ಆಸ್ಪತ್ರೆಗಳಿಗೂ ನಮ್ಮದೇ ಯಂತ್ರ. ಅವತ್ತು ನಮ್ಮ ಪರದೆಯ ಮೇಲೆ ಒಂದು ಕೆಂಪು ಗುರುತೂ ಇರಬಾರದು. ನಾಶವಾದ ಕೀಲಿ ಪರದೆಯ ಮೇಲೆ ಕಾಣುವುದಿಲ್ಲ." ಅಮರೇಂದ್ರ ಕೈ ಅಗಲಿಸಿ ಉದಾರವಾಗಿ ನಕ್ಕ. "ಹೊಸ ಯಂತ್ರವನ್ನು ಕಂಪನಿ ಪುಕ್ಕಟೆ ಕೊಡುತ್ತದೆ."

"ಎದಿನೂ ಪುಕ್ಕಟೆ ಕೊಡ್ತೀರೇನ್ರಿ?" ಎಂದಳು ಶಾಲ್ಮಲಾ. "ಇನ್ನೊಮ್ಮೆ ಮೈಗೆ ಕತ್ತಿ ಹಚ್ಚಿದ್ರ ಆಕಿ ತಡ್ಕೊಳ್ಳೂದಿಲ್ಲ ಅಂತ ಡಾಕ್ಟರು ಕೈ ಎತ್ಯಾರ. ಆ ಕೀಲಿ ಆಕಿದು ಸರ್. ಆಕಿನ್ನ ಕೇಳದ ಹೆಂಗ ನಾಶ ಮಾಡ್ತೀರಿ?"

ಅಮರೇಂದ್ರ ತನ್ನ ಪರದೆಯನ್ನು ಆಕೆಯತ್ತ ತಿರುಗಿಸಿದ. ಕರ್ನಲ್ ಪ್ರತಿಯೊಂದು ಕೀಲಿಯ ಜೊತೆಗೂ ಕೆಲವು ಗುರುತುಗಳನ್ನು ಇಟ್ಟಿರುತ್ತದೆ: ಯಾರದು, ಯಾರು ಬಳಸಬಹುದು, ಯಾರು ಅಳಿಸಬಹುದು. ಅಲ್ಲಿ ಎರಡು ಸಾಲುಗಳಿದ್ದವು. ಮಾಲೀಕ: ಪ್ರಾಣಸೇತು. ಹಿಡಿದವರು: ಸಂಗವ್ವ.

"ಅವರು ಹಿಡಿದವರು ಮಾತ್ರ. ಮಾಲೀಕರು ನಾವು," ಎಂದ ಅಮರೇಂದ್ರ. "ಅಳಿಸಲು ಹಿಡಿದವರನ್ನು ಕೇಳಬೇಕಾಗಿಲ್ಲ."

ಆ ಸಾಲನ್ನು ಶಾಲ್ಮಲಾ ನೂರು ಸಲ ನೋಡಿದ್ದಳು. ಆಕೆ ಕೆಲಸಕ್ಕೆ ಸೇರುವ ಮೊದಲೇ ಬರೆದಿದ್ದ ಸಾಲು. ತಾಂತ್ರಿಕ ಪದ, ಏನೋ ಇರಬೇಕು ಎಂದುಕೊಂಡಿದ್ದಳು. ಜನರ ಮುಂದೆ ಅಜ್ಜಿಯ ಚಿತ್ರ ಹಾಕಿ ನಿಮ್ಮದೇ ಕೀಲಿ ಅನ್ನುವುದು, ಒಳಗೆ ಯಾರೂ ಕಾಣದ ಕಡೆ ನಮ್ಮದು ಎಂದು ಬರೆದುಕೊಳ್ಳುವುದು. ಬೀಗ ಮಾರುವವನು ಮನೆಯನ್ನೂ ತನ್ನ ಹೆಸರಿಗೆ ಮಾಡಿಕೊಂಡ ಹಾಗಾಯಿತು. ಇಂಥವರ ಹೊಟ್ಟೆಗೆ ಅನ್ನ ಹೇಗೆ ಇಳಿಯುತ್ತದೋ ಎಂದುಕೊಳ್ಳುತ್ತ ಆಕೆ ಹೊರಗೆ ಬಂದಳು.

ಮನೆಯಲ್ಲಿ ಕಸ್ತೂರಿ ಅಕ್ಕನಿಗೆ ಒಯ್ಯಲು ರೊಟ್ಟಿ ಬಡಿಯುತ್ತಿದ್ದಳು. ಬಲಗೈಯಲ್ಲಿ ಕಡಗ, ಅದರ ಮೇಲೆ ಹಿಟ್ಟು ಹಾರದಂತೆ ಒಂದು ಬಟ್ಟೆಯ ಸುತ್ತು. ಮಗಳು ಒಲೆಯ ಪಕ್ಕ ಕೂತು ಎಲ್ಲ ಹೇಳಿದಳು, ಹೇಳುತ್ತ ಹೇಳುತ್ತ ಅತ್ತಳು. ಕಸ್ತೂರಿ ಅಳಲಿಲ್ಲ. ಆಕೆಗೆ ಸಿಟ್ಟು ಬಂದಾಗ ರೊಟ್ಟಿ ತೆಳ್ಳಗಾಗುತ್ತದೆ. ಅಂದಿನ ರೊಟ್ಟಿ ಹಪ್ಪಳದಷ್ಟು ತೆಳ್ಳಗಾಗಿತ್ತು.

"ಎದಿ ಅಕ್ಕಂದು, ಕೀಲಿ ನನ್ನ ಕೈಯಾಗ, ಮಾಲಕ ಅವನು," ಎಂದಳು. "ಯಾವ ಊರಿನ ನ್ಯಾಯವಾ ಇದು? ನಾ ಜನ್ಮಪೂರ್ತಿ ಆಕಿ ಬಾಜೂಕ ಕೂಡ್ತೀನಿ ಅಂತ ಹೇಳು ಅವಂಗ."

"ಕೂತ್ರೂ ಅಳಸ್ತಾರ ಅವ್ವಾ. ಒಂದ ನಾಡಿ ಇರಬೇಕು, ಅದೂ ದೊಡ್ಡವ್ವಂದ ಇರಬೇಕು. ಕಡಗ ಆಕಿ ಕೈಗೆ ಹೋದ ಕೂಡ್ಲೆ ಪರಕೀ ಅಂತೈತಿ."

"ಒಮ್ಮಿಗೇ ಹಾಕಿದ್ರ ಅನ್ನದ ಮತ್ತೇನ ಮಾಡೀತು?" ಕಸ್ತೂರಿ ಹಿಟ್ಟಿನ ಕೈ ತೊಳೆದು ಮಗಳ ಕೈ ಹಿಡಿದಳು. "ಬಳಿ ಬಿಗಿ ಇದ್ರ ದರದರ ಎಳಿತಾರೇನು? ಒಡದು ಕೈಗೆ ಚುಚ್ತೈತಿ. ಎರಡೂ ಕೈ ಕೂಡಿಸಿ ಹಿಡ್ಕೊಂಡು, ಸ್ವಲ್ಪ ಆ ಕಡಿ, ಸ್ವಲ್ಪ ಈ ಕಡಿ ಹೊಳ್ಳಿಸ್ಕೋತ, ಹದಕ್ಕ ಬಂದ ಮ್ಯಾಲ ಜಾರಸ್ಬೇಕು. ನಮ್ಮವ್ವ ಜಡ್ಡಿನಾಗಿಂದ ಎದ್ದಾಗ ಒಂದು ಮಧ್ಯಾಹ್ನ ಪೂರ್ತಿ ಹಿಂಗ ಕೂತಿದ್ವಿ."

ಶಾಲ್ಮಲಾ ತಾಯಿಯ ಕೈಯನ್ನೇ ನೋಡುತ್ತ ಕೂತಳು. ಎರಡೂ ಕೈ ಕೂಡಿಸಿ. ಕಡಗ ಹಿಗ್ಗುತ್ತದೆ, ಎರಡು ಮಣಿಕಟ್ಟುಗಳನ್ನು ಒಟ್ಟಿಗೆ ಸುತ್ತಿಕೊಳ್ಳಬಲ್ಲದು. ನಾಡಿ ನೋಡುವ ಕಣ್ಣು ಅದರ ಒಂದು ಮಗ್ಗುಲಲ್ಲಿ ಮಾತ್ರ ಇದೆ. ಆ ಕಣ್ಣನ್ನು ಮೊದಲು ತಂಗಿಯ ನಾಡಿಯ ಮೇಲೆ ಇಟ್ಟು, ಎಳ್ಳಷ್ಟೆಳ್ಳಷ್ಟೇ ಅಕ್ಕನ ಕಡೆ ಹೊರಳಿಸುತ್ತ ಹೋದರೆ, ಎರಡೂ ಬಡಿತಗಳು ಕಲೆತು, ತಂಗಿಯದು ಮಸುಕಾಗುತ್ತ ಅಕ್ಕನದು ಏರುತ್ತ ಬರುತ್ತದೆ. ಕಡಗಕ್ಕೆ ಸಣ್ಣ ಬದಲಾವಣೆ ಒಪ್ಪಿಗೆ. ದೊಡ್ಡದು ಮಾತ್ರ ಅನುಮಾನ. ಮರೆತದ್ದನ್ನು ಅದು ಮತ್ತೆ ಕಲಿಯಬಹುದು. ಆಕೆ ಕಣ್ಣೊರೆಸಿಕೊಂಡು ಡಾಕ್ಟರ್ ಫಿರ್ದೌಸರಿಗೆ ಫೋನು ಮಾಡಿದಳು. ಒಂದೇ ಒಂದು ಸಹಾಯ ಬೇಡಿದಳು: ಶುಕ್ರವಾರ ಮಧ್ಯಾಹ್ನ ವೇಗ ಸರಿಪಡಿಸುವ ಕೆಲಸ ಶುರು ಮಾಡಬೇಕು, ತಾನು ಹೇಳುವ ತನಕ ಮುಗಿಸಬಾರದು.

"ಮುಗಿಸೂ ಅವಸರ ನನಗೇನೂ ಇಲ್ಲ," ಎಂದರು ಡಾಕ್ಟರು. "ಹೃದಯದ ಕೆಲಸ ಸಾವಕಾಶನ ಮಾಡ್ಬೇಕು."

ಶುಕ್ರವಾರ ಮಧ್ಯಾಹ್ನ ಶಾಲ್ಮಲಾ ಕಂಪನಿಯ ನಿಯಂತ್ರಣ ಕೋಣೆಯಲ್ಲಿ ಕೂತಿದ್ದಳು. ಎದುರಿನ ಗೋಡೆಯ ಪರದೆಯ ತುಂಬ ಸಾವಿರಾರು ಹಸಿರು ಚುಕ್ಕಿಗಳು, ಒಂದೊಂದೂ ಯಾರದೋ ಎದೆಯ ಕೀಲಿ. ನಡುವೆ ಒಂದು ಕೆಂಪು. ಆಕೆ ಅದನ್ನು ಒತ್ತಿ ತೆರೆದಳು. ಅಡ್ಡಗೆರೆಯ ಮೇಲೆ ಅವ್ವನ ನಾಡಿ ಏರಿಳಿಯುತ್ತಿತ್ತು. ಕಿವಿಯಲ್ಲಿ ಸಿಕ್ಕಿಸಿದ್ದ ಫೋನಿನಲ್ಲಿ ಧಾರವಾಡದಿಂದ ಅಕ್ಕತಂಗಿಯರ ಮಾತು ಕೇಳಿಬರುತ್ತಿತ್ತು.

"ಕೈ ಸಡ್ಲ ಬಿಡಕ್ಕಾ, ಯಾಕ ಹಂಗ ಬಿಗಿ ಹಿಡ್ದೀಯ?"

"ನಿನ್ನ ಕೈ ತಣ್ಣಗ ಬರ್ಫ ಆಗೇತಿ. ಮುಂಜಾನಿಂದ ಏನರ ತಿಂದಿಯೋ ಇಲ್ಲೋ?"

"ಈಗ ಸ್ವಲ್ಪ ಹೊಳ್ಳಸ್ತೀನಿ. ಶಾಲೂ, ಕೇಳಸ್ತೈತೇನವಾ?"

"ಸ್ವಲ್ಪ ಸಾಕು," ಎಂದಳು ಶಾಲ್ಮಲಾ ಪಿಸುಮಾತಿನಲ್ಲಿ. ಗೆರೆ ನಡುಗಿತು. ಅವ್ವನ ಬಡಿತದ ಪಕ್ಕದಲ್ಲಿ ಇನ್ನೊಂದು ಸಣ್ಣ ಗುಡ್ಡ ಎದ್ದಿತು, ಸಮನಾಗಿ, ಹಟಮಾರಿಯಾಗಿ. ಡಾಕ್ಟರು ಅತ್ತ ವೇಗವನ್ನು ಮೆಲ್ಲಗೆ ಸಡಿಲಿಸುತ್ತಿದ್ದಂತೆ ಆ ಗುಡ್ಡದ ಹಟವೂ ಕರಗಿ, ಮನುಷ್ಯರ ನಾಡಿಯ ಹದಕ್ಕೆ ಬರತೊಡಗಿತು. ಕಡಗ ಏನೂ ಹೇಳಲಿಲ್ಲ. ಕಲಿಯುತ್ತಿತ್ತು.

ಅಷ್ಟರಲ್ಲಿ ಅಮರೇಂದ್ರ ಒಳಗೆ ಬಂದ. ಸಂಜೆಯ ತನಕ ಕಾಯುವ ತಾಳ್ಮೆ ಅವನಿಗಿರಲಿಲ್ಲ. "ಇನ್ನೂ ಕೆಂಪು ಕಾಣುತ್ತಿದೆಯಲ್ಲ? ಆದೇಶ ಕಳಿಸಿಬಿಡಿ," ಎಂದ.

"ನಾ ಕಳಸಂಗಿಲ್ರಿ."

"ಕೆಲಸದ ಮೇಲೆ ಆಸೆ ಇಲ್ಲವೇ?"

"ಐತ್ರಿ. ದೊಡ್ಡವ್ವನ ಮ್ಯಾಲೂ ಐತಿ."

ಅಮರೇಂದ್ರ ಆಕೆಯ ಪಕ್ಕದ ಕುರ್ಚಿ ಎಳೆದುಕೊಂಡು ತಾನೇ ಕೂತ. ಮಾಲೀಕನ ಹೆಬ್ಬೆಟ್ಟು ಒತ್ತಿ ನಾಶದ ಆದೇಶ ಕೊಟ್ಟ. ಪರದೆಯ ಮೇಲೆ ಉತ್ತರ ಮೂಡಿತು: ಕೀಲಿ ಬಳಕೆಯಲ್ಲಿದೆ. ಕಾಯಿರಿ.

ಆ ನಿಯಮ ಮಾತ್ರ ಶಾಲ್ಮಲಾಳದು. ಅಪ್ಪಣೆ ಅರ್ಧಕ್ಕಿರುವಾಗ ಕೀಲಿ ಕಿತ್ತರೆ ಎದೆಯಂತ್ರ ಅತ್ತ ಇಲ್ಲ ಇತ್ತ ಇಲ್ಲ ಎಂದು ನಿಂತೀತು. ಹಾಗಾಗಿ ಕೀಲಿಯನ್ನು ಎಷ್ಟು ಕೆಲಸಗಳು ಹಿಡಿದುಕೊಂಡಿವೆ ಎಂದು ಕರ್ನಲ್ ಎಣಿಸುತ್ತದೆ, ಕೊನೆಯ ಕೆಲಸ ಕೈಬಿಡುವ ತನಕ ಮಾಲೀಕನೇ ಬಂದು ನಿಂತರೂ ಅಳಿಸುವುದಿಲ್ಲ. ಇದನ್ನು ಬರೆದಾಗ ಸಭೆಯಲ್ಲಿ ಎಲ್ಲರೂ ಅತಿಯಾಯಿತು ಎಂದಿದ್ದರು. ಅಮರೇಂದ್ರ ಮತ್ತೆ ಹೆಬ್ಬೆಟ್ಟು ಒತ್ತಿದ, ಇನ್ನೂ ಬಲವಾಗಿ ಒತ್ತಿದ. ಕಾಯಿರಿ, ಎಂದಿತು ಕರ್ನಲ್. ಮನುಷ್ಯರಿಗಿಲ್ಲದ ಮರ್ಯಾದೆ ಅದಕ್ಕಿತ್ತು.

"ಇದನ್ನು ತೆಗೆಯುವುದು ಹೇಗೆ?"

"ಡಾಕ್ಟರ ಕೆಲಸ ಮುಗೀಬೇಕ್ರಿ. ರೋಗಿ ಎದಿ ಕೆಲಸ ಅರ್ಧಕ್ಕ ಇದ್ದಾಗ ಅವಸರ ಮಾಡ್ರಿ ಅಂತ ನೀವ ಅವರಿಗೆ ಫೋನು ಮಾಡಿ ಹೇಳ್ರಿ ಬೇಕಾದ್ರ."

ಅವನು ಫೋನು ಮಾಡಲಿಲ್ಲ. ಇಬ್ಬರೂ ಪಕ್ಕಪಕ್ಕ ಕೂತು ಗೆರೆ ನೋಡಿದರು. ಕಿವಿಯಲ್ಲಿ ಸಂಗವ್ವ ತಂಗಿಗೆ ಯಾವುದೋ ಹಳೆಯ ಗಿರಾಕಿಯ ಕತೆ ಹೇಳುತ್ತಿದ್ದಳು. ಅಕ್ಕತಂಗಿಯರು ನಕ್ಕಾಗ ಎರಡು ಗುಡ್ಡಗಳೂ ಒಟ್ಟಿಗೆ ಕುಣಿದವು. ಹೊರಗೆ ಬಿಸಿಲು ಇಳಿಯುವ ಹೊತ್ತಿಗೆ ಅವ್ವನ ಗುಡ್ಡ ನೆಲಕ್ಕೆ ಸಮನಾಗಿತ್ತು. ಕಸ್ತೂರಿ ತನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಕೆಂಪು ಚುಕ್ಕಿ ಹಸಿರಾಯಿತು. ಪರದೆ ಬರೆಯಿತು: ಒಂದೇ ನಾಡಿ. ಪರಿಚಿತ. ಅನುಮಾನ ತೀರಿದ್ದರಿಂದ ನಾಶದ ಆದೇಶ ತಾನಾಗಿ ಬಿದ್ದುಹೋಯಿತು.

"ಸ್ವಾಗತ, ಸಂಗವ್ವ ಅವರೇ," ಎಂದದ್ದು ಫೋನಿನಲ್ಲಿ ಕೇಳಿಸಿತು.

"ಬಾ, ಬಾ," ಎಂದಳು ಸಂಗವ್ವ. "ಈಗರ ಬುದ್ಧಿ ಬಂತಲ್ಲ."

ಶಾಲ್ಮಲಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅಮರೇಂದ್ರ ಎದ್ದು ಕೋಟು ಸರಿಮಾಡಿಕೊಂಡ. ಕ್ಷಮಿಸಿ ಅನ್ನುತ್ತಾನೇನೋ ಎಂದು ಆಕೆ ತಲೆಯೆತ್ತಿದರೆ ಅವನು ಹೇಳಿದ್ದು ಇಷ್ಟು: "ಒಳ್ಳೆಯದಾಯಿತು. ಅಂದರೆ ಏನೂ ಆಗಿಲ್ಲ ಎಂದಾಯಿತು. ಸೋಮವಾರ ನಿಮ್ಮ ದೊಡ್ಡಮ್ಮನವರನ್ನು ಕರೆದುಕೊಂಡು ಬನ್ನಿ. ಆಪರೇಷನ್ ಆದವರೂ ಹೇಗೆ ಆರಾಮಾಗಿದ್ದಾರೆಂದು ತಪಾಸಣೆಯವರು ನೋಡಲಿ. ಒಂದು ಶಾಲು ಹೊದಿಸೋಣ."

ಏನೂ ಆಗಿಲ್ಲ. ಒಬ್ಬಳ ಜೀವವನ್ನು ಹೆಬ್ಬೆಟ್ಟಿನಲ್ಲಿ ಒರೆಸಲು ಹೊರಟವನು, ಒರೆಸಲಾಗದೆ ಹೋದದ್ದಕ್ಕೆ ಆಕೆಗೇ ಶಾಲು ಹೊದಿಸುತ್ತಾನಂತೆ. ಶಾಲ್ಮಲಾ ರಾಜೀನಾಮೆ ಬಿಸಾಕಿ ಬರಬೇಕೆಂದುಕೊಂಡಳು. ಆದರೆ ಸಂಗವ್ವ ಸುದ್ದಿ ಕೇಳಿ, "ಬಿಸಾಕ್ಬ್ಯಾಡ. ಕರದಾರಲ್ಲ, ಹೋಗೂಣು," ಎಂದಳು. ಡಾಕ್ಟರ್ ಫಿರ್ದೌಸ್ ಗಾಲಿಕುರ್ಚಿ ಕೊಟ್ಟು, ಎರಡು ತಾಸಿನಲ್ಲಿ ವಾಪಸು ಬರಬೇಕೆಂದು ಕರಾರು ಹಾಕಿ ಕಳಿಸಿದರು.

ಸೋಮವಾರದ ಸಭೆ ನಡೆದದ್ದು ನಿಯಂತ್ರಣ ಕೋಣೆಯಲ್ಲಿ. ತಪಾಸಣೆಗೆಂದು ಬಂದವರು ಭಾನುಮತಿ ಅರಸ್, ಮೈಸೂರಿನ ಕಡೆಯ ಹಿರಿಯ ಹೆಂಗಸು. ಹಸಿರು ಚುಕ್ಕಿಗಳನ್ನು ನೋಡಿದರು, ಅಮರೇಂದ್ರನ ಭಾಷಣ ಕೇಳಿದರು. ಆಮೇಲೆ ಶಾಲು ಬಂತು. ಸಂಗವ್ವ ಕುರ್ಚಿಯಲ್ಲಿ ಕೂತೇ ಹೊದಿಸಿಕೊಂಡಳು. ಫೋಟೋ ತೆಗೆಯುವವನು ಕೈ ಕುಲುಕಿ ಎಂದ. ಅಮರೇಂದ್ರ ನಗುತ್ತ ಕೈ ಚಾಚಿದ.

ಸಂಗವ್ವ ಆ ಕೈ ಹಿಡಿದಳು. ಬೆರಳಿಗೆ ಬೆರಳು ಕೂಡಿಸಿದಳು. ರೊಟ್ಟಿ ಬಡಿದು ಗಟ್ಟಿಯಾದ ಕೈ ಅದು, ಬಿಡಿಸಿಕೊಳ್ಳುವ ಹಾಗಿರಲಿಲ್ಲ. ಎಡಗೈಯಿಂದ ಕಡಗವನ್ನು ಹಿಗ್ಗಿಸಿ, ತನ್ನ ಮಣಿಕಟ್ಟಿನಿಂದ ಅವನ ಮಣಿಕಟ್ಟಿಗೆ ಜಾರಿಸಿಬಿಟ್ಟಳು.

"ಅಪರಿಚಿತ ನಾಡಿ," ಎಂದಿತು ಕಡಗ. ಗೋಡೆಯ ಪರದೆಯಲ್ಲಿ ಒಂದು ಚುಕ್ಕಿ ಕೆಂಪಾಯಿತು. "ದಯವಿಟ್ಟು ಕಡಗವನ್ನು ಮಾಲೀಕರಿಗೆ ಹಿಂದಿರುಗಿಸಿ."

ಶಾಲ್ಮಲಾ ಗಾಬರಿಯಿಂದ ಎದ್ದಳು. ಕಸ್ತೂರಿ ಸೆರಗು ಹಿಡಿದು ಕೂರಿಸಿದಳು.

"ಹಿಂದಿರುಗಿಸೂದು ಎಲ್ಲಿ ಬಂತ್ರಿ?" ಎಂದಳು ಸಂಗವ್ವ. ದನಿ ಏರಿಸಲಿಲ್ಲ. "ಮಾಲಕರ ಕೈಯಾಗ ಐತಲ್ಲ. ನಾ ಬರೇ ಹಿಡಿದಾಕಿ ಅಂತ. ಒಳಗ ಹಂಗ ಬರದೀರಂತ. ನಿಮ್ಮ ಸಾಮಾನು ನಿಮಗ ಮುಟ್ಟೇತಿ, ಇಟ್ಕೋರಿ."

"ಅಮ್ಮ, ಇದು ತಮಾಷೆಯ ವಿಷಯ ಅಲ್ಲ. ಬೀಗ ಬಿದ್ದರೆ ನಿಮ್ಮ ಜೀವಕ್ಕೇ..." ಅಮರೇಂದ್ರನ ಹಣೆಯಲ್ಲಿ ಬೆವರೊಡೆಯಿತು. ಅವನು ಕೈ ಎಳೆದುಕೊಳ್ಳಲು ನೋಡಿದ, ಆಗಲಿಲ್ಲ.

"ಶುಕ್ರವಾರ ನೀವ ಬೀಗ ಜಡಿಯಾಕ ಕೂತಾಗ ಈ ಜೀವ ನೆನಪ ಆಗಿರ್ಲಿಲ್ಲೇನ್ರಿ?"

ಭಾನುಮತಿ ಅರಸರು ಎದ್ದು ಬಂದರು. "ಒಂದ್ನಿಮಿಷ. ಈ ಕೀಲಿಗೆ ಮಾಲೀಕರು ಯಾರು ಅಂತ ಕರ್ನಲ್‌ನಲ್ಲಿ ಬರ್ದಿದೀರಿ? ತೋರ್ಸಿ," ಎಂದರು. ಶಾಲ್ಮಲಾ ಆ ಎರಡು ಸಾಲುಗಳನ್ನು ಗೋಡೆಯಗಲ ತೆರೆದಿಟ್ಟಳು. ಶುಕ್ರವಾರ ಬಿದ್ದುಹೋದ ನಾಶದ ಆದೇಶವನ್ನೂ, ಅದರ ಕೆಳಗಿನ ಹೆಬ್ಬೆಟ್ಟನ್ನೂ ತೆರೆದಿಟ್ಟಳು. ಅಮರೇಂದ್ರ ತನ್ನ ಕೋಣೆಯಿಂದ ಅಲ್ಲಿಗೆ ತರಿಸಿದ್ದ ನಗುವ ಅಜ್ಜಿಯ ಚಿತ್ರ ಪಕ್ಕದಲ್ಲೇ ಇತ್ತು. ಅರಸರು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು.

"ಹೇಳ್ರಿ ಮತ್ತ," ಎಂದಳು ಸಂಗವ್ವ ಅಮರೇಂದ್ರನಿಗೆ. "ಯಾರಿಗೆ ಕೊಡ್ಬೇಕಂತೈತಿ ಅದು?"

"ನಿಮಗೆ."

"ನಾ ಯಾರು?"

"ಮಾಲೀಕರು," ಎಂದ ಅವನು. ಕೋಣೆಯ ಮೂಲೆಯಲ್ಲಿದ್ದವರಿಗೂ ಕೇಳಿಸಿತು.

ಆಗ ಸಂಗವ್ವ ಕಡಗವನ್ನು ತನ್ನ ಕೈಯಿಂದಲೇ ವಾಪಸು ಜಾರಿಸಿಕೊಂಡಳು. ಚುಕ್ಕಿ ಹಸಿರಾಯಿತು. ಕಡಗ ಸ್ವಾಗತ ಹೇಳಿತು. ಆಕೆಯ ಮುಖ ಬಿಳಿಚಿಕೊಂಡಿತ್ತು, ಆದರೆ ಕಣ್ಣು ಕದಲಿರಲಿಲ್ಲ.

"ಈ ಸಾಲು ಬದಲಾಗೋವರ್ಗೂ ನನ್ನ ಸಹಿ ಬೀಳಲ್ಲ," ಎಂದರು ಅರಸರು. ಶಾಲ್ಮಲಾ ಕೂತು ಸಂಗವ್ವನ ಸಾಲನ್ನು ತಿದ್ದಿದಳು. ತಿದ್ದಲು ಮಾಲೀಕರ ಒಪ್ಪಿಗೆ ಬೇಕು ಎಂದು ಕರ್ನಲ್ ಕೇಳಿತು. ಅಮರೇಂದ್ರ ಬಂದು, ಯಾರ ಮುಖವನ್ನೂ ನೋಡದೆ, ಹೆಬ್ಬೆಟ್ಟು ಒತ್ತಿದ. ಮಾಲೀಕ: ಸಂಗವ್ವ, ಎಂದು ಗೋಡೆಯ ಮೇಲೆ ಮೂಡಿತು. ಯಾರೋ ಚಪ್ಪಾಳೆ ತಟ್ಟಿದರು. ಆಯಿತಲ್ಲ, ಚಹ ತರಿಸೋಣವೇ ಎಂದು ಅಮರೇಂದ್ರ ಕರವಸ್ತ್ರ ತೆಗೆದ.

ಸಂಗವ್ವ ಪರದೆಯನ್ನೇ ನೋಡುತ್ತಿದ್ದಳು. ಸಾವಿರಾರು ಚುಕ್ಕಿಗಳು. "ಶಾಲೂ, ಇವೆಲ್ಲಾ ಯಾರ ಎದಿ?"

"ಬ್ಯಾರೆ ಬ್ಯಾರೆ ಊರವರು, ದೊಡ್ಡವ್ವಾ."

"ಅವರದೂ ತಿದ್ದಿಯೇನು?"

"ಇಲ್ಲ. ನಿಂದೊಂದ."

ಸಂಗವ್ವ ಹೆಗಲ ಮೇಲಿನ ಶಾಲನ್ನು ತೆಗೆದು ಮಡಿಚಿ, ಅಮರೇಂದ್ರನ ಕುರ್ಚಿಯ ಮೇಲೆ ಇಟ್ಟಳು. ತನ್ನ ಗಾಲಿಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ತಳ್ಳಿಸಿಕೊಂಡಳು.

"ಕಸ್ತೂರಿ, ಡಾಕ್ಟರಮ್ಮಗ ಫೋನು ಹಚ್ಚು. ನಾ ಬರೂದು ತಡ ಆಗ್ತೈತಿ ಅನ್ನು," ಎಂದಳು. "ಮತ್ತ ಬುತ್ತಿ ಬಿಚ್ಚು. ಎಲ್ಲಾರದೂ ಆಗೂ ತನಕ ನಾ ಇಲ್ಲೇ ಕೂಡಾಕಿ."